ವಾಟಿಗಿಂತ ಮಾತು ಮುಖ್ಯ: ಮನೆಗೆ ರಿಸೀವರ್ ತರುವ ಮುನ್ನ

ಮಡಕಶಿರಾ ಸೀಮೆಯ ಅಗಳಿ, ರೊಳ್ಳ, ಅಮರಾಪುರಂ, ಗುಡಿಬಂಡೆ ಕಡೆಯ ಯಾವ ಊರಿಗೆ ಹೋದರೂ ಈಗ ಗೋಡೆಗೆ ತಗುಲಿಸಿದ ದೊಡ್ಡ ಟಿವಿ ಕಾಣುತ್ತದೆ. ರೇಷ್ಮೆಗೂಡಿನ ದುಡ್ಡು ಬಂದವರು, ಅಡಿಕೆ ಮಾರಿದವರು, ಬೆಂಗಳೂರಿನಲ್ಲಿ ಮಗನಿಗೆ ಕೆಲಸ ಸಿಕ್ಕವರು 43 ಇಂಚು, 55 ಇಂಚು ಎಂದು ತರುತ್ತಾರೆ. ಚಿತ್ರವೇನೋ ಕನ್ನಡಿಯ ಹಾಗಿದೆ. ಮಾತು ಮಾತ್ರ ತಿಳಿಯುವುದಿಲ್ಲ. ಹಾಡು, ಫೈಟು ಬಂದಾಗ ಮನೆ ಅದುರುತ್ತದೆ, ಮಾತು ಬಂದಾಗ ‘ಏನಂದ? ಏನಂದ?’ ಎಂದು ಪಕ್ಕದವರನ್ನು ಕೇಳಬೇಕು.

ಇದಕ್ಕೆ ಕಾರಣ ಸರಳ. ಹಳೆಯ ಡಬ್ಬಿ ಟಿವಿಯಲ್ಲಿ ಸ್ಪೀಕರಿಗೆ ಜಾಗವಿತ್ತು, ಅದು ನಮ್ಮ ಕಡೆಗೇ ಮುಖ ಮಾಡಿರುತ್ತಿತ್ತು. ಈಗಿನ ತೆಳ್ಳನೆಯ ಟಿವಿಯಲ್ಲಿ ಸಣ್ಣ ಸ್ಪೀಕರು ಕೆಳಕ್ಕೋ ಹಿಂದಕ್ಕೋ ತಿರುಗಿ ಕೂತಿರುತ್ತದೆ. ಸದ್ದು ಗೋಡೆಗೆ ಬಡಿದು ನಮಗೆ ಬರಬೇಕು. ಹೀಗಾಗಿ ಜನ ‘ಹೋಮ್ ಥಿಯೇಟರ್’ ಹುಡುಕಿ ಹಿಂದೂಪುರಕ್ಕೋ, ಸಿರಾಕ್ಕೋ, ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗುತ್ತಾರೆ. ನಮ್ಮ ಮನೆಯಲ್ಲೂ ಹೋದ ವರ್ಷ ಈ ಮಾತು ಎದ್ದಿತು. ಸುಮಾರು ಮೂರು ತಿಂಗಳು ವಿಚಾರಿಸಿ, ಕೇಳಿ, ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆಯ ಸ್ಥಿತಿ ಹೇಳಿಬಿಡುತ್ತೇನೆ. ನಮ್ಮವ್ವನಿಗೆ ವಯಸ್ಸಾಗಿದೆ, ಕಿವಿ ಮಂದ. ಆಕೆಗೆ ಕನ್ನಡ ಬಿಟ್ಟರೆ ಬೇರೆ ಗೊತ್ತಿಲ್ಲ. ಸೊಸೆ ಕದಿರಿ ಕಡೆಯವಳು, ತೆಲುಗು ಮನೆಮಾತು. ಮೊಮ್ಮಗ ಅದೇ ಕೋಣೆಯಲ್ಲಿ ಓದಬೇಕು. ಅವ್ವ ಸದ್ದು ಏರಿಸುತ್ತಾಳೆ, ಸೊಸೆ ಇಳಿಸುತ್ತಾಳೆ. ಕೊನೆಗೆ ಅವ್ವ ಟಿವಿ ಮುಂದೆ ಕೂರುವುದನ್ನೇ ಬಿಟ್ಟು ಜಗಲಿಗೆ ಹೋಗಿ ಕೂತಳು. ಮನೆಯವರ ನಡುವಿನಿಂದ ಒಬ್ಬರು ಎದ್ದು ಹೋದರೆ ಅದು ಸಣ್ಣ ವಿಷಯವಲ್ಲ. ಗೂಡು ಮಾರಿದ ದುಡ್ಡಿನಲ್ಲಿ ಐವತ್ತು ಸಾವಿರ ಎತ್ತಿಟ್ಟೆವು, ಅದರ ಮೇಲೆ ಒಂದು ಪೈಸೆ ಇಲ್ಲ.

ರಿಸೀವರ್ ಎಂದರೆ ಯಾವುದು?

ನಮ್ಮ ಕಡೆ ರಿಸೀವರ್ ಎಂದರೆ ಡಿಶ್ಶಿನ ಡಬ್ಬಿ ಎಂದುಕೊಳ್ಳುತ್ತಾರೆ. ಇಲ್ಲಿ ಹೇಳುತ್ತಿರುವುದು ಅದಲ್ಲ. ಇದು ಎ.ವಿ. ರಿಸೀವರ್, ಅಂಗಡಿಯವರು ‘ಆಂಪ್ಲಿ’ ಅಂತಲೂ ಅನ್ನುತ್ತಾರೆ. ಟಿವಿ, ಡಿಶ್, ಫೋನು, ಪೆನ್‌ಡ್ರೈವ್ ಎಲ್ಲದರ ಸದ್ದು ಇದಕ್ಕೆ ಬಂದು ಸೇರುತ್ತದೆ. ಯಾವ ಸದ್ದು ಯಾವ ಸ್ಪೀಕರಿಗೆ ಎಂದು ಇದು ಬಿಡಿಸಿ, ಬಲ ಕೊಟ್ಟು ಕಳಿಸುತ್ತದೆ. ಡ್ರಿಪ್ ಹಾಕಿದ ತೋಟದಲ್ಲಿ ಮೋಟಾರು, ಫಿಲ್ಟರು, ಗೇಟ್‌ವಾಲ್ವು ಮೂರೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಹೇಗೋ ಹಾಗೆ.

5.1 ಎಂದು ಬರೆದಿದ್ದರೆ ಐದು ಸ್ಪೀಕರು, ಒಂದು ಸಬ್‌ವೂಫರ್. ಮುಂದೆ ಎಡಕ್ಕೊಂದು ಬಲಕ್ಕೊಂದು, ಹಿಂದೆ ಅಥವಾ ಪಕ್ಕದಲ್ಲಿ ಎರಡು, ನಡುವೆ ಟಿವಿಯ ಕೆಳಗೆ ಒಂದು. ಈ ನಡುವಿನ ಸ್ಪೀಕರನ್ನು ಸೆಂಟರ್ ಎನ್ನುತ್ತಾರೆ. ಸಿನಿಮಾದ ಮಾತು ಬಹುಪಾಲು ಬರುವುದು ಇದರಿಂದಲೇ. ಟೆಂಟ್ ಸಿನಿಮಾ ನೋಡಿದವರಿಗೆ ನೆನಪಿರಬಹುದು, ಸ್ಪೀಕರು ಪರದೆಯ ಹಿಂದೆ ಇರುತ್ತಿತ್ತು, ಮಾತು ನಟನ ಬಾಯಿಂದಲೇ ಬಂದ ಹಾಗೆ ಕೇಳುತ್ತಿತ್ತು. ಸೆಂಟರ್ ಮಾಡುವುದು ಅದೇ ಕೆಲಸ.

ಎಲ್ಲ ಸೇರಿ ಒಂದೇ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಸೆಟ್ಟುಗಳಿವೆ, ಟಿವಿ ಕೆಳಗಿಡುವ ಸೌಂಡ್‌ಬಾರ್ ಇದೆ. ತಪ್ಪಲ್ಲ. ಆದರೆ ಅದರಲ್ಲಿ ಒಂದು ಭಾಗ ಕೆಟ್ಟರೆ ಸಾಮಾನ್ಯವಾಗಿ ಪೂರಾ ಸೆಟ್ಟೇ ಮೂಲೆಗೆ. ರಿಸೀವರ್ ತಂದರೆ ಈ ವರ್ಷ ಮೂರು ಸ್ಪೀಕರು, ಮುಂದಿನ ಬೆಳೆಗೆ ಇನ್ನೆರಡು ಎಂದು ಕೂಡಿಸಿಕೊಳ್ಳಬಹುದು. ಸ್ಪೀಕರು ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು.

ವಾಟಿನ ಲೆಕ್ಕ

ಅಂಗಡಿಗೆ ಹೋದರೆ ಮೊದಲು ಹೇಳುವುದೇ ವಾಟ್ಸ್. ಒಂದು ಅಂಗಡಿಯಲ್ಲಿ ಹುಡುಗ ಮಿರಿಮಿರಿ ಮಿಂಚುವ ಸೆಟ್ಟು ತೋರಿಸಿ, ‘ಅಣ್ಣಾ, ಎರಡು ಸಾವಿರ ವಾಟ್ಸ್, ಊರೆಲ್ಲಾ ಕೇಳ್ತದೆ’ ಅಂದ.

‘ಊರಿಗ್ಯಾಕಪ್ಪಾ, ನಮ್ಮವ್ವನಿಗೆ ಕೇಳಿದ್ರೆ ಸಾಕು. ಅದರ ಹಿಂದ್ಗಡೆ ತಿರುಗಿಸು ನೋಡಾನ’ ಅಂದೆ.

ಹಿಂದಿನ ಚೀಟಿಯಲ್ಲಿ ಅದು ಎಳೆಯುವ ಕರೆಂಟು 80 ವಾಟ್ ಎಂದಿತ್ತು. ಎಂಬತ್ತು ಒಳಗೆ ಹೋಗಿ ಎರಡು ಸಾವಿರ ಹೊರಗೆ ಬರುವುದು ಹೇಗೆ? ಬೋರಿನಲ್ಲಿ ಒಂದೂವರೆ ಇಂಚು ನೀರಿದ್ದರೆ ಹತ್ತು ಎಚ್‌ಪಿ ಮೋಟಾರು ಇಳಿಸಿದರೂ ಬರುವುದು ಅಷ್ಟೇ. 1990ರ ದಶಕದಲ್ಲಿ ಮ್ಯೂಸಿಕ್ ಸಿಸ್ಟಂಗಳ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ಬರೆಯುತ್ತಿದ್ದರಲ್ಲ, ಅದೂ ಇದೇ ಜಾತಿ. ಕ್ಷಣಮಾತ್ರದ ಸದ್ದನ್ನು ತೋರಿಸುವ ಅಂಕಿ, ಅದಕ್ಕೆ ಒಂದೇ ಅಳತೆ ಅಂತಿಲ್ಲ.

ಒಳ್ಳೆಯ ಕಂಪನಿಯ ರಿಸೀವರಿನಲ್ಲೂ ಅಂಕಿಯನ್ನು ಓದಲು ಕಲಿಯಬೇಕು. ಯಮಹಾದವರು 2018ರಲ್ಲಿ ತಂದ ಆರ್‌ಎಕ್ಸ್-ವಿ385 ಎಂಬ 5.1 ರಿಸೀವರನ್ನೇ ತೆಗೆದುಕೊಳ್ಳಿ. ಅದೊಂದೇ ಯಂತ್ರಕ್ಕೆ 70, 100, 135 ಎಂದು ಮೂರು ಅಂಕಿಗಳಿವೆ. ಎರಡು ಸ್ಪೀಕರು ಒಟ್ಟಿಗೆ, ಸಣ್ಣ ಸ್ವರದಿಂದ ದಪ್ಪ ಸ್ವರದವರೆಗೆ ಪೂರ್ತಿ, ಒಡಕು ಶೇ. 0.09ರೊಳಗೆ ಇದ್ದಾಗ 70. ಒಂದೇ ಸ್ಪೀಕರು, ಒಂದೇ ಸ್ವರ, ಒಡಕು ಶೇ. 0.9 ಆದಾಗ 100. ಒಡಕು ಶೇ. 10ರವರೆಗೆ ಬಿಟ್ಟಾಗ 135. ಯಾವುದೂ ಸುಳ್ಳಲ್ಲ, ಅಳತೆಯ ಷರತ್ತು ಬೇರೆ ಬೇರೆ. ಎರಡು ಕಂಪನಿಗಳ ಮಾಲು ಹೋಲಿಸುವಾಗ ಒಂದರ 70ನ್ನು ಇನ್ನೊಂದರ 135ರ ಪಕ್ಕಕ್ಕಿಟ್ಟು ನೋಡಬಾರದು. ಸೇರಿನಲ್ಲಿ ಅಳೆದದ್ದನ್ನು ಕಿಲೋದಲ್ಲಿ ತೂಗಿದ್ದಕ್ಕೆ ಹೋಲಿಸಿದ ಹಾಗಾಗುತ್ತದೆ.

ಇನ್ನೊಂದು ಸಂಗತಿ. ವಾಟು ಎರಡರಷ್ಟು ಮಾಡಿದರೆ ಸದ್ದು ಎರಡರಷ್ಟು ಆಗುವುದಿಲ್ಲ, ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ವಾಟು ಸುಮಾರು ಹತ್ತು ಪಟ್ಟು ಬೇಕು. ಆದ್ದರಿಂದ 70 ವಾಟಿನದು ಬಿಟ್ಟು 100ರದಕ್ಕೆ ಹೆಚ್ಚು ದುಡ್ಡು ಸುರಿದರೆ ಗೊತ್ತಾಗುವ ವ್ಯತ್ಯಾಸ ಬಹಳ ಕಮ್ಮಿ. ಅದರ ಬದಲು ಸ್ಪೀಕರಿನ ‘ಸೆನ್ಸಿಟಿವಿಟಿ’ ನೋಡಿ. 86 ಡೆಸಿಬಲ್ ಎಂದಿರುವ ಸ್ಪೀಕರಿಗಿಂತ 89 ಎಂದಿರುವುದು ಅರ್ಧ ವಾಟಿನಲ್ಲೇ ಅಷ್ಟೇ ಸದ್ದು ಕೊಡುತ್ತದೆ. ಹನ್ನೆರಡು ಅಡಿ, ಹದಿನೈದು ಅಡಿ ಕೋಣೆಗೆ ಸಣ್ಣ ರಿಸೀವರ್ ಧಾರಾಳ ಸಾಕು.

ಕಡಿ, ತಡಿ, ಪಡಿ

ಎರಡು ಭಾಷೆಯಲ್ಲಿ ಪದ್ಯ ಬರೆಯುವವನಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾತಿನಲ್ಲಿ ಸದ್ದು ಇರುವುದು ಸ್ವರದಲ್ಲಿ, ಅರ್ಥ ಹೆಚ್ಚಾಗಿ ನಿಂತಿರುವುದು ವ್ಯಂಜನದಲ್ಲಿ. ಕನ್ನಡದಲ್ಲಿ ಕಡಿ, ತಡಿ, ಪಡಿ ಅಂದು ನೋಡಿ. ಮೊದಲ ಅಕ್ಷರದ ಒಂದು ಚೂರು ಸದ್ದು ತಪ್ಪಿದರೆ ‘ನಿಲ್ಲು’ ಅಂದದ್ದು ‘ಕತ್ತರಿಸು’ ಆಗುತ್ತದೆ. ತೆಲುಗಿನವರಿಗೆ ತಡಿ ಎಂದರೆ ಒದ್ದೆ. ಆ ಚೂರು ಸದ್ದು ಸಣ್ಣ, ತೀಕ್ಷ್ಣ ಸ್ವರದ್ದು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಅಂಥ ಸ್ವರಗಳನ್ನೇ. ಅದರ ಮೇಲೆ ಸಬ್‌ವೂಫರಿನ ಗುಡುಗು ಬಂದು ಕೂತರೆ ಮುದುಕರಿಗೆ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ‘ಇಷ್ಟು ಜೋರಾಗಿ ಇಟ್ಟರೂ ಕೇಳಲ್ವಾ’ ಎಂದು ಮನೆಯವರು ಸಿಡುಕುತ್ತಾರೆ. ಬೇಕಾಗಿರುವುದು ಜೋರಲ್ಲ, ಸ್ಪಷ್ಟತೆ.

ಅದಕ್ಕೇ ರಿಸೀವರ್ ಆರಿಸುವಾಗ ಮೊದಲು ಕೇಳಬೇಕಾದ್ದು ಇದು: ಸೆಂಟರಿನ ಸದ್ದನ್ನು ಮಾತ್ರ ಬೇರೆಯಾಗಿ ಏರಿಸಬಹುದೆ? ಏರಿಸಬಹುದು ಎಂದರೆ ಮಾತು ಮೇಲೆ, ಹಾಡು ಕೆಳಗೆ ಇಟ್ಟುಕೊಳ್ಳಬಹುದು. ಮಾತಿನ ಮಟ್ಟವನ್ನೇ ಹೊಂದಿಸುವ ‘ಡೈಲಾಗ್ ಲೆವೆಲ್’, ಜೋರನ್ನು ತಗ್ಗಿಸಿ ಮೆಲ್ಲಗಿನದನ್ನು ಎತ್ತುವ ರಾತ್ರಿ ಹೊತ್ತಿನ ಸೆಟ್ಟಿಂಗ್ ಇದ್ದರೆ ಇನ್ನೂ ಒಳ್ಳೆಯದು. ಡಿಶ್ಶಿನ ಧಾರಾವಾಹಿ ಸಾಮಾನ್ಯವಾಗಿ ಎಡ-ಬಲ ಎರಡೇ ಸದ್ದಿನದು, ಅದರಿಂದ ಮಾತನ್ನು ಹೆಕ್ಕಿ ಸೆಂಟರಿಗೆ ಕಳಿಸುವ ಡಾಲ್ಬಿ ಸರೌಂಡ್ ಅಥವಾ ಪ್ರೊ ಲಾಜಿಕ್ ಇದೆಯೇ ನೋಡಿ. ಕೋಣೆಗೆ ತಕ್ಕಂತೆ ಸದ್ದು ಹೊಂದಿಸಲು ಕೆಲವದರ ಜೊತೆ ಸಣ್ಣ ಮೈಕು ಬರುತ್ತದೆ. ಯಮಹಾದವರು ವೈಪಿಎಒ ಅನ್ನುತ್ತಾರೆ, ಡೆನಾನ್‌ನವರ ಹಲವು ಮಾದರಿಗಳಲ್ಲಿ ಆಡಿಸ್ಸಿ ಎಂಬುದಿದೆ. ಕೂರುವ ಜಾಗದಲ್ಲಿ ಮೈಕಿಟ್ಟರೆ ಯಾವ ಸ್ಪೀಕರು ಎಷ್ಟು ದೂರ, ಎಷ್ಟು ಜೋರು ಎಂದು ಅದೇ ಅಳೆದುಕೊಳ್ಳುತ್ತದೆ. ನಮ್ಮಂಥವರಿಗೆ ಇದು ಬಹಳ ಅನುಕೂಲ.

ದುಡ್ಡು ಉಳಿಯುವುದು ಎಲ್ಲಿ?

ಟಿವಿಯ ಹಿಂದೆ ಎಚ್‌ಡಿಎಂಐ ತೂತುಗಳಲ್ಲಿ ಒಂದರ ಪಕ್ಕ ಎಆರ್‌ಸಿ ಎಂದು ಬರೆದಿರುತ್ತದೆ. 2009ರಿಂದ ಬಂದ ಏರ್ಪಾಡು ಇದು. ಡಿಶ್ಶು, ಪೆನ್‌ಡ್ರೈವ್ ಎಲ್ಲ ಟಿವಿಗೇ ಕೊಟ್ಟು, ಸದ್ದನ್ನು ಮಾತ್ರ ಒಂದೇ ಕೇಬಲ್‌ನಲ್ಲಿ ರಿಸೀವರಿಗೆ ತರಬಹುದು. ಹಾಗೆ ಮಾಡಿದರೆ ಚಿತ್ರ ರಿಸೀವರಿನೊಳಗೆ ಹಾದುಹೋಗುವುದೇ ಇಲ್ಲ. ಅಂದಮೇಲೆ 8ಕೆ ರಿಸೀವರ್ ಎಂದು ಹೆಚ್ಚು ದುಡ್ಡು ಯಾಕೆ? ಹಿಂದಿನ ಮಾದರಿಯೇ ಸಾಕು, ಅದು ಅಗ್ಗಕ್ಕೂ ಸಿಗುತ್ತದೆ. 2017ರಲ್ಲಿ ಬಂದ ಇ-ಎಆರ್‌ಸಿ ಇನ್ನೂ ದೊಡ್ಡ ಕಾಲುವೆ, ಬ್ಲೂ-ರೇ ಡಿಸ್ಕಿನ ಪೂರ್ತಿ ಸದ್ದು ಅದರಲ್ಲಿ ಹರಿಯುತ್ತದೆ. ಫೋನ್ ಕಂಪನಿಯ ಇಂಟರ್ನೆಟ್ಟಿನಲ್ಲಿ ಸಿನಿಮಾ ನೋಡುವವರಿಗೆ ಹಳೆಯ ಎಆರ್‌ಸಿಯೇ ಸಾಲುತ್ತದೆ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಪಿಸಿಎಂ ಎಂದಿದ್ದರೆ ಬಹಳ ಟಿವಿಗಳಲ್ಲಿ ಎರಡೇ ಸದ್ದು ಬರುತ್ತದೆ, ಅದನ್ನು ಆಟೋ ಅಥವಾ ಬಿಟ್‌ಸ್ಟ್ರೀಮ್‌ಗೆ ಬದಲಿಸಬೇಕು.

ಅಟ್ಮಾಸ್ ಎಂದು ಹೇಳಿ ಬೆಲೆ ಏರಿಸುತ್ತಾರೆ. ಮೇಲಿನಿಂದ ಸದ್ದು ಬರಲು ಅದಕ್ಕೆಂದೇ ಬೇರೆ ಸ್ಪೀಕರು ಬೇಕು. ಅಟ್ಮಾಸ್ ಇರುವ ಸಿನಿಮಾ ಸಾದಾ 5.1ರಲ್ಲೂ ಚೆನ್ನಾಗಿಯೇ ನಡೆಯುತ್ತದೆ.

ಸೆಕೆಂಡ್‌ಹ್ಯಾಂಡ್ ರಿಸೀವರೂ ಕೆಟ್ಟದ್ದಲ್ಲ. ಎಚ್‌ಡಿಎಂಐ ಇಲ್ಲದ ಹಳೆಯದಕ್ಕೂ ಟಿವಿಯಿಂದ ಆಪ್ಟಿಕಲ್ ಕೇಬಲ್ ಎಳೆದರೆ ಡಾಲ್ಬಿ 5.1 ಬರುತ್ತದೆ, ಟಿವಿ ಅದನ್ನು ಹೊರಗೆ ಬಿಡಬೇಕು ಅಷ್ಟೆ. ಕೊಳ್ಳುವ ಮುಂಚೆ ಅರ್ಧ ಗಂಟೆ ಓಡಿಸಿ, ಪ್ರತಿ ಸ್ಪೀಕರಿನ ದಾರಿಯನ್ನೂ ಕೇಳಿ ನೋಡಿ. ಅಮೆರಿಕದಲ್ಲಿರುವ ನೆಂಟರು ತಂದುಕೊಡುತ್ತೇನೆ ಎಂದರೆ ವೋಲ್ಟೇಜ್ ಕೇಳಿ. ಅಲ್ಲಿಯದು 120 ವೋಲ್ಟ್, ನಮ್ಮದು 230.

ಜಿಎಸ್‌ಟಿ 2017ರ ಜುಲೈ 1ರಿಂದ ಬಂದಮೇಲೆ ಎರಡೂ ರಾಜ್ಯದಲ್ಲಿ ತೆರಿಗೆ ದರ ಒಂದೇ. ಆಚೆ ಕೊಂಡರೆ ಅಗ್ಗ, ಈಚೆ ಕೊಂಡರೆ ತುಟ್ಟಿ ಎಂಬ ಹಳೆಯ ಗಡಿ ಲೆಕ್ಕ ತೆರಿಗೆಯ ಮಟ್ಟಿಗೆ ಮುಗಿಯಿತು. ಸರ್ವಿಸ್ ಸೆಂಟರ್ ಯಾವ ಊರಲ್ಲಿದೆ ನೋಡಿ, ಬಿಲ್ಲು ಕೇಳಿ ಪಡೆಯಿರಿ.

ಹಳ್ಳಿ ಮನೆಯ ಎಚ್ಚರಿಕೆಗಳು

ಪಂಪ್‌ಸೆಟ್ ಓಡುವಾಗ ನಮ್ಮಲ್ಲಿ ವೋಲ್ಟೇಜ್ ಇಳಿದು ಏರುತ್ತದೆ. ಸ್ಟೆಬಿಲೈಸರ್ ಬೇಕು. ಅಗ್ಗದ ಸ್ಕ್ವೇರ್‌ವೇವ್ ಇನ್ವರ್ಟರಿನಲ್ಲಿ ಗುಂಯ್ ಎಂಬ ಸದ್ದು ಬರಬಹುದು. ಗುಡುಗು ಮಿಂಚಿನ ಮಳೆಗೆ ಪ್ಲಗ್ಗೂ ಡಿಶ್ಶಿನ ವೈರೂ ಎರಡನ್ನೂ ಕಿತ್ತಿಡಿ. ರಿಸೀವರ್ ಬಿಸಿಯಾಗುತ್ತದೆ, ಬೀರುವಿನೊಳಗೆ ಮುಚ್ಚಬೇಡಿ, ಮೇಲೆ ಬಟ್ಟೆ ಹೊದಿಸಬೇಡಿ.

ಹಿಂದೆ 6 ಓಮ್, 8 ಓಮ್ ಎಂದು ಬರೆದಿರುತ್ತದೆ. ಸ್ಪೀಕರು ಅದಕ್ಕಿಂತ ಕಮ್ಮಿ ಓಮಿನದಾಗಬಾರದು. ಒಂದೇ ಜಾಗಕ್ಕೆ ಎರಡು ಸ್ಪೀಕರನ್ನು ಅಕ್ಕಪಕ್ಕ ಜೋಡಿಸಿದರೆ ಓಮು ಅರ್ಧವಾಗಿ ರಿಸೀವರ್ ಸುಡಬಹುದು. ಶಾಮಿಯಾನದವರ ಹಾರ್ನು ಇದಕ್ಕೆ ಹಾಕುವ ಸಾಹಸ ಬೇಡ.

ಕೋಣೆಯೂ ಮುಖ್ಯ. ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಸದ್ದು ಅಷ್ಟಾಗಿ ಮೊಳಗುತ್ತಿರಲಿಲ್ಲ. ಈಗ ಆರ್‌ಸಿಸಿ, ಕೆಳಗೆ ಟೈಲ್ಸ್, ಮಾತಾಡಿದರೆ ಬಾವಿಯಲ್ಲಿ ಕೂಗಿದ ಹಾಗೆ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿದರೆ ಅರ್ಧ ಕೆಲಸ ಪುಕ್ಕಟೆ ಆಗುತ್ತದೆ.

ನಾವು ತಂದದ್ದು ಹಿಂದಿನ ಮಾದರಿಯ ಒಂದು ಸಣ್ಣ 5.1 ರಿಸೀವರ್. ಐವತ್ತರಲ್ಲಿ ಅರ್ಧ ಅದಕ್ಕೆ, ಇನ್ನರ್ಧ ಮುಂದಿನ ಮೂರು ಸ್ಪೀಕರಿಗೆ. ಸಬ್‌ವೂಫರ್ ಇನ್ನೂ ತಂದಿಲ್ಲ. ಸೆಂಟರನ್ನು ಟಿವಿಯ ಕೆಳಗೆ, ಅವ್ವ ಕೂರುವ ಮಂಚದ ಕಡೆಗೆ ತಿರುಗಿಸಿ ಇಟ್ಟಿದ್ದೇವೆ. ‘ಕಾಂತಾರ’ ಸಿನಿಮಾವನ್ನು ಒಂದು ದಿನ ಕನ್ನಡದಲ್ಲಿ, ಒಂದು ದಿನ ತೆಲುಗಿನಲ್ಲಿ ಹಾಕಿದೆವು. ಮೊದಲಿಗಿಂತ ಕಮ್ಮಿ ಸದ್ದಿನಲ್ಲೇ ಇಬ್ಬರಿಗೂ ತಿಳಿಯಿತು. ಅವ್ವನಿಗೆ ಎಲ್ಲ ಮಾತೂ ಸಿಕ್ಕಿತು ಎನ್ನಲಾರೆ, ಕಿವಿಗೆ ಡಾಕ್ಟರನ್ನು ತೋರಿಸುವುದು ಬೇರೆಯೇ ಇದೆ. ಆದರೆ ಕಥೆಯ ನಡುವೆ ‘ಅವನ್ಯಾಕೆ ಹಂಗಂದ?’ ಎಂದು ಜಗಳ ತೆಗೆಯುವಷ್ಟು ತಿಳಿಯುತ್ತಿದೆ.

ಕೊಳ್ಳಲು ಹೋಗುವವರು ಅಂಗಡಿಯವರು ಹಾಕುವ ಹಾಡು ಕೇಳಿ ಮರುಳಾಗಬೇಡಿ. ನಿಮಗೆ ಗೊತ್ತಿರುವ ಒಂದು ಸಿನಿಮಾವನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ, ಇಬ್ಬರು ಮೆಲ್ಲಗೆ ಮಾತಾಡುವ ದೃಶ್ಯ ಹಾಕಿಸಿ, ಸದ್ದು ಕಮ್ಮಿ ಇಟ್ಟು ಕೇಳಿ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಕರೆದೊಯ್ಯಿರಿ. ಅವರಿಗೆ ತಿಳಿದರೆ ದುಡ್ಡು ಕೊಡಿ, ಇಲ್ಲದಿದ್ದರೆ ಪಕ್ಕದ ಅಂಗಡಿ ನೋಡಿ.