ಹಡಗು ಹೊರಡುವ ಹಿಂದಿನ ರಾತ್ರಿ

1888ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಮೋಹನದಾಸ ಗಾಂಧಿ ಬ್ಯಾರಿಸ್ಟರ್ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೊರಟು, ಅಣ್ಣನೊಡನೆ ರಾಜಕೋಟೆಯಿಂದ ಮುಂಬಯಿಗೆ ಬಂದರು. ಜೂನ್, ಜುಲೈ ತಿಂಗಳುಗಳಲ್ಲಿ ಹಿಂದೂ ಮಹಾಸಾಗರ ಪ್ರಕ್ಷುಬ್ಧವಾಗಿರುತ್ತದೆ, ಮೊದಲ ಸಮುದ್ರಯಾನಕ್ಕೆ ಇದು ತಕ್ಕ ಕಾಲವಲ್ಲ ಎಂದು ಮಿತ್ರರು ಅಣ್ಣನನ್ನು ಎಚ್ಚರಿಸಿದರು. ಬಿರುಗಾಳಿಗೆ ಸಿಕ್ಕಿ ಹಡಗೊಂದು ಮುಳುಗಿತೆಂಬ ಸುದ್ದಿಯೂ ಕಿವಿಗೆ ಬಿತ್ತು. ಅಣ್ಣನ ಮನಸ್ಸು ಅಳುಕಿತು. ತಮ್ಮನನ್ನು ಸ್ನೇಹಿತರೊಬ್ಬರ ಮನೆಯಲ್ಲಿರಿಸಿ ಅವರು ಊರಿಗೆ ಮರಳಿದರು. ಸೆಪ್ಟೆಂಬರ್ 4ರಂದು ಹಡಗು ಹತ್ತುವವರೆಗೂ ಗಾಂಧಿಯವರು ಮುಂಬಯಿಯಲ್ಲಿ ದಿನ ನೂಕುತ್ತ ಕಾದಿರಬೇಕಾಯಿತು. ಆ ಕಾಲದ ಸಮುದ್ರಯಾತ್ರಿಕನಿಗೆ ರೇವುಪಟ್ಟಣದ ತಂಗುವಿಕೆ ಇಷ್ಟಾನಿಷ್ಟದ ಮಾತಾಗಿರಲಿಲ್ಲ. ಅದು ಯಾತ್ರೆಯ ಒಂದು ಅಂಗವೇ ಆಗಿತ್ತು.

ಮುಂಬಯಿಯ ಹೆಸರಾಂತ ಹೋಟೆಲುಗಳು ಬೆಳೆದುದೂ ಹಡಗಿನ ಜನರನ್ನು ನೆಚ್ಚಿಕೊಂಡೇ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಯೂರೋಪಿನ ದಾರಿ ಹತ್ತಿರವಾಯಿತು. 1871ರಲ್ಲಿ ಕಾಲಾಘೋಡಾದ ಬಳಿ ವಾಟ್ಸನ್ ಹೋಟೆಲು ಆರಂಭವಾಯಿತು. ಅದರ ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಲ್ಲಿ ಎರಕ ಹೊಯ್ದು ತಂದು ಇಲ್ಲಿ ಜೋಡಿಸಿದ್ದರು. 1896ರಲ್ಲಿ ಮಾರ್ಕ್ ಟ್ವೇನ್ ತಂಗಿದ್ದುದು ಅಲ್ಲಿಯೇ. ಅದೇ ವರ್ಷ ಜುಲೈ 7ರಂದು ಭಾರತದ ಮೊದಲ ಚಲಚ್ಚಿತ್ರ ಪ್ರದರ್ಶನ ನಡೆದುದೂ ಅಲ್ಲಿಯೇ. 1903ರ ಡಿಸೆಂಬರ್ 16ರಂದು ಜಮ್‌ಶೇಟ್‌ಜಿ ಟಾಟಾ ಅವರ ತಾಜಮಹಲ್ ಹೋಟೆಲು ಸಮುದ್ರದಂಚಿನಲ್ಲಿ ಬಾಗಿಲು ತೆರೆಯಿತು. ಗೇಟ್‌ವೇ ಆಫ್ ಇಂಡಿಯಾ ಕಮಾನು ಪೂರ್ಣಗೊಂಡುದು 1924ರಲ್ಲಿ. ಹೋಟೆಲೇ ಮೊದಲು, ಹೆಬ್ಬಾಗಿಲು ಆಮೇಲೆ! ಮುಂದೆ ಬಲ್ಲಾರ್ಡ್ ಪಿಯರ್ ಎಂಬ ಹಡಗುಕಟ್ಟೆಯ ತನಕ ರೈಲುಹಳಿ ಬಂದಿತು. ಟಪಾಲು ಹಡಗಿನಿಂದ ಇಳಿದವರು ನಾಲ್ಕು ಹೆಜ್ಜೆ ನಡೆದು ಉತ್ತರ ಹಿಂದೂಸ್ಥಾನದ ರೈಲನ್ನೇರಬಹುದಾಗಿತ್ತು. ಅಂಥವರಿಗೆ ಮುಂಬಯಿಯಲ್ಲಿ ಹಾಸಿಗೆಯ ಅಗತ್ಯವೇ ಬೀಳುತ್ತಿರಲಿಲ್ಲ.

ಆ ರೈಲು ಈಗಿಲ್ಲ. ಆದರೆ ಬಲ್ಲಾರ್ಡ್ ಪಿಯರ್ ಮತ್ತೆ ಕಳೆಗೂಡಿದೆ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿ ಹೊಸ ಅಂತರರಾಷ್ಟ್ರೀಯ ವಿಹಾರನೌಕಾ ನಿಲ್ದಾಣ ಉದ್ಘಾಟನೆಗೊಂಡಿತು. ವರ್ಷಕ್ಕೆ 10 ಲಕ್ಷ ಪ್ರಯಾಣಿಕರನ್ನು ಸಾಗಿಸುವ ಸಾಮರ್ಥ್ಯವುಳ್ಳ ಕಟ್ಟಡವದು. ತಪಾಸಣೆಯ ಕಟ್ಟೆಗಳೇ 72. ಈಗಿನ ಯಾತ್ರಿಕರು ಬ್ಯಾರಿಸ್ಟರರಾಗಲು ಹೊರಟವರಲ್ಲ. ಮಕ್ಕಳ ರಜೆಗೋ ತಂದೆತಾಯಿಯರ ಷಷ್ಟ್ಯಬ್ದಿಯ ನೆಪಕ್ಕೋ ಗೋವೆ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ನಾಲ್ಕು ದಿನ ತೇಲಿ ಬರುವ ಸಂಸಾರಸ್ಥರು. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಹೊರಡುವ ಇಂಥ ಕುಟುಂಬಗಳು ಹಡಗಿನ ಕ್ಯಾಬಿನ್ ಯಾವ ಅಂತಸ್ತಿನಲ್ಲಿರಬೇಕು, ಕಿಟಕಿ ಬೇಕೆ ಬೇಡವೆ ಎಂದು ವಾರಗಟ್ಟಲೆ ಚರ್ಚಿಸುತ್ತವೆ. ಹಡಗು ಹತ್ತುವ ಹಿಂದಿನ ರಾತ್ರಿ ಎಲ್ಲಿ ಮಲಗುವುದೆಂಬ ಮಾತು ಕೊನೆಗೆ ಬರುತ್ತದೆ, ಇಲ್ಲವೆ ಬರುವುದೇ ಇಲ್ಲ.

ಬಾರದೆ ಹೋದರೆ ಆಗುವ ನಷ್ಟ ಸಣ್ಣದಲ್ಲ. ರೈಲು ತಪ್ಪಿದರೆ ಇನ್ನೊಂದು ರೈಲುಂಟು, ವಿಮಾನ ತಪ್ಪಿದರೆ ಸಂಜೆಗೆ ಇನ್ನೊಂದಿರಬಹುದು. ವಿಹಾರದ ಹಡಗು ಹಾಗಲ್ಲ. ಹೊರಡುವ ಹೊತ್ತಿಗಿಂತ ಸಾಕಷ್ಟು ಮುಂಚೆಯೇ ಪ್ರವೇಶದ ಬಾಗಿಲು ಮುಚ್ಚುತ್ತದೆ. ಪ್ರಯಾಣಿಕರ ಪಟ್ಟಿ ಅಧಿಕಾರಿಗಳ ಕೈ ಸೇರುತ್ತದೆ. ಬಂದರಿನ ಪೈಲಟ್ ಬಂದು ಹಡಗನ್ನು ಕಡಲಿಗೆ ಒಯ್ಯುವ ವೇಳೆ ಮೊದಲೇ ಗೊತ್ತಾಗಿರುತ್ತದೆ. ತಡವಾಗಿ ಬಂದ ಒಂದು ಸಂಸಾರಕ್ಕಾಗಿ ಅದು ಕಾಯದು. ಬಾರದವರಿಗೆ ಹಣ ಹಿಂದಿರುಗಿಸದಿರುವುದೂ ಈ ವ್ಯಾಪಾರದ ಸಾಮಾನ್ಯ ಪದ್ಧತಿ. ಒಂದು ರಾತ್ರಿಯ ಕೋಣೆಯ ಬಾಡಿಗೆಯನ್ನು ಉಳಿಸಹೋಗಿ ಆರು ಜನರ ಯಾನದ ಹಣವನ್ನೆಲ್ಲ ಪಣಕ್ಕಿಡುವುದು ಯಾವ ಗೃಹಿಣಿಯೂ ಒಪ್ಪುವ ಲೆಕ್ಕವಲ್ಲ.

ಆದರೂ ಎಲ್ಲರಿಗೂ ಒಂದೇ ನಿಯಮ ಹೇಳಿದರೆ ಅನ್ಯಾಯವಾದೀತು. ಬೆಂಗಳೂರಿನಿಂದ ಮುಂಬಯಿಗೆ ವಿಮಾನದಲ್ಲಿ ಎರಡು ಗಂಟೆಯೊಳಗಿನ ಪ್ರಯಾಣ. ಹಡಗು ಸಂಜೆಗೆ ಹೊರಡುವುದಾದರೆ, ಕೈಯಲ್ಲಿ ಒಂದೊಂದೇ ಚೀಲವಿರುವ ಯುವದಂಪತಿಗಳು ಮುಂಜಾನೆಯ ಮೊದಲ ವಿಮಾನವನ್ನು ನಂಬಿ ಹೊರಟರೆ ಅದನ್ನು ಹುಚ್ಚುತನವೆನ್ನಲಾಗದು. ಅದು ತಪ್ಪಿದರೂ ಹಿಂದೆಯೇ ಇನ್ನೊಂದು ಸಿಕ್ಕೀತು. ಆದರೆ ಮೊಣಕಾಲು ನೋವಿನ ಅಜ್ಜಿ, ಹಾಲು ಕುಡಿಯುವ ಮಗು, ಎಂಟು ಪೆಟ್ಟಿಗೆಗಳನ್ನು ಕಟ್ಟಿಕೊಂಡು ಹೊರಟವರಿಗೆ ಈ ಧೈರ್ಯ ಸಲ್ಲದು. ರೈಲಿನಲ್ಲಿ ಬರುವವರಂತೂ ಹಿಂದಿನ ದಿನವೇ ಮುಂಬಯಿ ಸೇರಬೇಕು. ಬೆಂಗಳೂರಿನಿಂದ ರಾತ್ರಿ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ ರಾಯಚೂರು, ಕಲಬುರಗಿ, ಸೊಲ್ಲಾಪುರ, ಪುಣೆಗಳನ್ನು ದಾಟಿ, ಸುಮಾರು ಒಂದು ದಿನದ ಪ್ರಯಾಣದ ಬಳಿಕ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ಬರುತ್ತದೆ. ಹಳಬರ ಬಾಯಲ್ಲಿ ಇಂದಿಗೂ ಇದು ವಿ.ಟಿ. ಈ ರೈಲಿನವರಿಗೆ ಒಂದು ಅನುಕೂಲವಿದೆ: ಇಳಿದ ಜಾಗಕ್ಕೂ ಹಡಗುಕಟ್ಟೆಗೂ ನಡುವೆ ಎರಡು ಕಿಲೋಮೀಟರಿಗಿಂತ ಹೆಚ್ಚು ದೂರವಿಲ್ಲ.

ಇಲ್ಲಿಯೇ ಹೋಟೆಲಿನ ಆಯ್ಕೆಯ ಗುಟ್ಟಿರುವುದು. ಮುಂಬಯಿ ಉದ್ದನೆಯ ನಗರ. ತೆಂಕು ತುದಿಯಲ್ಲಿ ಬಂದರು, ಬಡಗಣ ದಿಕ್ಕಿಗೆ ಸುಮಾರು 25 ಕಿಲೋಮೀಟರ್ ಆಚೆ ವಿಮಾನ ನಿಲ್ದಾಣ. ವಿಮಾನದಲ್ಲಿ ಬಂದವರಿಗೆ ಸಹಜವಾಗಿ ಅಂಧೇರಿಯ ಕಡೆಯ ಹೋಟೆಲುಗಳ ಮೇಲೆ ಮನಸ್ಸು ಹೋಗುತ್ತದೆ. ಕೋಣೆ ದೊಡ್ಡದು, ಬಾಡಿಗೆ ಮಿತ, ಇಳಿದೊಡನೆ ಮಲಗಬಹುದು. ಮರುದಿನ ಬೆಳಿಗ್ಗೆ ಮಾತ್ರ ಆ ಉಳಿತಾಯದ ಬೆಲೆ ತಿಳಿಯುತ್ತದೆ. ಇಡೀ ಊರು ಕಚೇರಿಗೆ ಹೊರಡುವ ಹೊತ್ತಿನಲ್ಲಿ, ಪೆಟ್ಟಿಗೆಗಳೊಡನೆ, ಊರಿನ ಉದ್ದಕ್ಕೂ ದಕ್ಷಿಣಾಭಿಮುಖವಾಗಿ ತೆವಳಬೇಕು. ನಿದ್ರೆ ಕೆಡುವುದಾದರೆ ಹಿಂದಿನ ರಾತ್ರಿಯೇ ಕೆಡಲಿ. ಆ ದೂರವನ್ನು ದಟ್ಟಣೆಯಿಲ್ಲದ ಹೊತ್ತಿನಲ್ಲಿ ಕ್ರಮಿಸಿ, ಕೋಟೆ ಪ್ರದೇಶದಲ್ಲಿಯೋ ಕೊಲಾಬಾದಲ್ಲಿಯೋ ಮರೀನ್ ಡ್ರೈವಿನ ಬಳಿಯೋ ಮಲಗುವುದು ಲೇಸು. ಅಲ್ಲಿಂದ ಬಲ್ಲಾರ್ಡ್ ಪಿಯರ್ ಎರಡು ಮೂರು ಕಿಲೋಮೀಟರ್. ಏನೇ ಅಡಚಣೆಯಾದರೂ ಕಾಲ್ನಡಿಗೆಯಲ್ಲಿಯಾದರೂ ತಲಪಬಹುದೆಂಬ ಭರವಸೆ ದೊಡ್ಡದು. ದಕ್ಷಿಣ ಮುಂಬಯಿಯ ಕೋಣೆಗಳು ಕಿರಿದು, ಕಟ್ಟಡಗಳು ಹಳೆಯವು, ಎಷ್ಟೋ ಕಡೆ ಲಿಫ್ಟ್ ಇಲ್ಲ ಅಥವಾ ಇಬ್ಬರು ನಿಂತರೆ ತುಂಬುವಷ್ಟು ಚಿಕ್ಕದು. ವೃದ್ಧರಿರುವವರು ಹವಾನಿಯಂತ್ರಣವನ್ನು ವಿಚಾರಿಸುವ ಮೊದಲು ಲಿಫ್ಟನ್ನು ವಿಚಾರಿಸಬೇಕು.

2025ರ ಅಕ್ಟೋಬರಿನಿಂದ ಭೂಗತ ಮೆಟ್ರೊ ವಿಮಾನ ನಿಲ್ದಾಣದಿಂದ ವಿ.ಟಿ. ಮಾರ್ಗವಾಗಿ ಕಫ್ ಪರೇಡಿನವರೆಗೂ ಓಡುತ್ತಿದೆ. ಸಾಮಾನು ಕಡಮೆಯಿರುವವರಿಗೆ ಇದೊಂದು ವರವೇ ಸರಿ. ಇನ್ನೊಂದು ಸಂಗತಿಯನ್ನು ವಿಮಾನದ ಟಿಕೆಟ್ಟಿನಲ್ಲಿ ಕಣ್ಣಿಟ್ಟು ನೋಡಬೇಕು. 2025ರ ಕೊನೆಯಲ್ಲಿ ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣದಲ್ಲಿಯೂ ಸಂಚಾರ ಆರಂಭವಾಗಿದೆ. ಅದು ಕೊಲ್ಲಿಯ ಆಚೆ ದಡದಲ್ಲಿದೆ. ‘ಮುಂಬಯಿ’ ಎಂಬ ಹೆಸರನ್ನಷ್ಟೇ ಓದಿ ಅಂಧೇರಿಯಲ್ಲಿ ಕೋಣೆ ಹಿಡಿದವರು ಆಚೆ ದಡದಲ್ಲಿ ಇಳಿದಾಗ ಯಾರನ್ನು ದೂರಬೇಕು?

ಕನ್ನಡಿಗರಿಗೆ ಒಂದು ಪ್ರತ್ಯೇಕ ಪ್ರಲೋಭನೆಯಿದೆ; ಅದರ ಹೆಸರು ಮಾಟುಂಗ. ಅಲ್ಲಿ ಬಾಳೆಲೆಯ ಊಟ, ಫಿಲ್ಟರ್ ಕಾಫಿ, ಮಲ್ಲಿಗೆಯ ದಂಡೆ, ದೇವಸ್ಥಾನ, 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್, ಬೀದಿಯಲ್ಲಿ ಕಿವಿಗೆ ಬೀಳುವ ಕನ್ನಡ ಎಲ್ಲವೂ ಉಂಟು. ಅತ್ತೆಯವರಿಗೆ ಮಡಿಯ ಯೋಚನೆಯಿಲ್ಲ, ಮಕ್ಕಳಿಗೆ ದೋಸೆಯ ಚಿಂತೆಯಿಲ್ಲ. ಹೀಗಾಗಿ ‘ಮಾಟುಂಗದ ಉಡುಪಿ ಹೋಟೆಲಿನಲ್ಲಿಯೇ ಇಳಿಯೋಣ’ ಎಂಬ ಸಲಹೆ ಮನೆಯಲ್ಲಿ ಯಾರಾದರೊಬ್ಬರ ಬಾಯಿಂದ ಹೊರಟೇ ಹೊರಡುತ್ತದೆ. ಹೋಟೆಲೆಂದರೆ ನಮ್ಮಲ್ಲಿ ತಿಂಡಿಯ ಮನೆಯೆಂದೇ ಮೊದಲ ಅರ್ಥ. ಮಾಟುಂಗದ ಹೆಸರುವಾಸಿ ಹೋಟೆಲುಗಳೂ ಎಲೆ ಹಾಕುವುವೇ ಹೊರತು ಹಾಸಿಗೆ ಹಾಸುವುವಲ್ಲ. ಸಮೀಪದ ದಾದರಿನಲ್ಲಿ ಲಾಡ್ಜುಗಳುಂಟು, ಆದರೆ ಬಂದರು ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್. ಲೋಕಲ್ ರೈಲಿನಲ್ಲಿ ವಿ.ಟಿ.ಗೆ ಅರ್ಧ ಗಂಟೆಯ ದಾರಿಯಾದರೂ ಬೆಳಗಿನ ಜನಸಂದಣಿಯಲ್ಲಿ ಪೆಟ್ಟಿಗೆಯೊಡನೆ ಆ ಡಬ್ಬಿಯೊಳಗೆ ನುಗ್ಗುವುದು ಸಾಹಸವೇ ಸರಿ. ಭಾನುವಾರ ಹಡಗು ಹೊರಡುವುದಾದರೆ ಹಳಿಗಳ ದುರಸ್ತಿಗಾಗಿ ಹಗಲಿನಲ್ಲಿ ಸಂಚಾರ ತಡೆಯುವ ‘ಮೆಗಾ ಬ್ಲಾಕ್’ ಬೇರೆ ಎದುರಾಗಬಹುದು. ಹಿಂದಿನ ಸಂಜೆ ಮಾಟುಂಗದಲ್ಲಿ ಸೊಗಸಾಗಿ ಊಟ ಮುಗಿಸಿ, ರಾತ್ರಿಯೇ ಕೋಟೆ ಪ್ರದೇಶಕ್ಕೆ ಬಂದು ಮಲಗುವವರು ಎರಡನ್ನೂ ಪಡೆದಂತಾಗುತ್ತದೆ.

ಕೋಣೆ ಕಾಯ್ದಿರಿಸುವಾಗ ಅತಿ ಹೆಚ್ಚು ಜನ ಮುಗ್ಗರಿಸುವುದು ದಿನಾಂಕದಲ್ಲಿ. ಹಡಗು 10ನೆಯ ತಾರೀಖು ಹೊರಡುತ್ತದೆ. ವಿಮಾನ 9ರ ರಾತ್ರಿ ಹನ್ನೊಂದಕ್ಕೆ ಹೊರಟು ಒಂದು ಗಂಟೆಗೆ ಮುಂಬಯಿ ಮುಟ್ಟುತ್ತದೆ ಎಂದಿಟ್ಟುಕೊಳ್ಳಬಹುದು. ಪಂಚಾಂಗದ ಪ್ರಕಾರ ಅದು 10ನೆಯ ತಾರೀಖು. ಆದ್ದರಿಂದ 10ಕ್ಕೆ ಕೋಣೆ ಬರೆಸಿದವರಿಗೆ ಹೋಟೆಲಿನ ಗುಮಾಸ್ತ ಅರ್ಧರಾತ್ರಿಯಲ್ಲಿ ಹೇಳುವ ಮಾತು: ‘ನಿಮ್ಮ ಕೋಣೆ ಮಧ್ಯಾಹ್ನ ಸಿಗುತ್ತದೆ.’ ಆ ಹೊತ್ತಿಗೆ ಅವರು ಹಡಗುಕಟ್ಟೆಯಲ್ಲಿರಬೇಕು! ಇಂಥವರು 9ರ ರಾತ್ರಿಗೇ ಕೋಣೆ ಹಿಡಿದು, ‘ಮಧ್ಯರಾತ್ರಿಯ ಮೇಲೆ ಬರುತ್ತೇವೆ, ಬೇರೆಯವರಿಗೆ ಕೊಡಬೇಡಿ’ ಎಂದು ಬರವಣಿಗೆಯಲ್ಲಿ ತಿಳಿಸಿಡಬೇಕು. ಮಂಗಳೂರಿನಿಂದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರ ಪಾಡೂ ಇಂಥದೇ. ಆ ಗಾಡಿ ಬೆಳಗಿನ ಹೊತ್ತು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ ಬಂದಾಗ ಹೋಟೆಲಿನ ಹಿಂದಿನ ಅತಿಥಿ ಇನ್ನೂ ಹಾಸಿಗೆ ಬಿಟ್ಟಿರುವುದಿಲ್ಲ. ಕೆಲವು ಲಾಡ್ಜುಗಳು ಬಂದ ಗಳಿಗೆಯಿಂದ 24 ಗಂಟೆ ಎಣಿಸುತ್ತವೆ. ಹೆಚ್ಚಿನವು ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಎಣಿಸುತ್ತವೆ. ಯಾವ ಪದ್ಧತಿಯೆಂದು ಕೇಳಿಕೊಳ್ಳುವುದು ನಾಚಿಕೆಯ ವಿಷಯವಲ್ಲ. ಕೋಣೆ ತೆರವು ಮಾಡಿದ ಮೇಲೆ ಹಡಗಿನ ವೇಳೆಯವರೆಗೆ ಪೆಟ್ಟಿಗೆಗಳನ್ನು ಇಟ್ಟುಕೊಳ್ಳುವರೇ ಎಂಬುದನ್ನೂ ಆಗಲೇ ಕೇಳಬೇಕು.

ಹಣದ ಮಾತು ಬೇಗ ಮುಗಿಯುತ್ತದೆ. ದಿನಕ್ಕೆ 7,500 ರೂಪಾಯಿಯವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 5ರಷ್ಟು, ಅದಕ್ಕೆ ಮೇಲ್ಪಟ್ಟರೆ ಶೇಕಡ 18ರಷ್ಟು ತೆರಿಗೆ ಬೀಳುತ್ತದೆ. ಗಡಿಯ ಹತ್ತಿರದ ಬಾಡಿಗೆಯಾದರೆ ಈ ಅಂತರ ಗಣನೀಯ. ರದ್ದುಮಾಡಿದರೆ ಹಣ ಬಾರದ ಅಗ್ಗದ ದರಕ್ಕೆ ಆಸೆಪಡಬಾರದು, ಹಡಗಿನ ದಿನವೇ ಬದಲಾಗುವ ಸಂಭವವೂ ಉಂಟಲ್ಲವೆ! ಅಮೆರಿಕದಿಂದ ಬಂದ ಮಗಳೋ ವಿದೇಶದ ಪಾಸ್‌ಪೋರ್ಟುಳ್ಳ ಅಳಿಯನೋ ಜೊತೆಗಿದ್ದರೆ ಮಾತ್ರ ಒಂದು ಎಚ್ಚರಿಕೆ ಅಗತ್ಯ. ವಿದೇಶೀ ಪ್ರಜೆ ತಂಗಿದ 24 ಗಂಟೆಯೊಳಗೆ ಹೋಟೆಲಿನವರು ಸರ್ಕಾರಕ್ಕೆ ಅವರ ವಿವರ ಸಲ್ಲಿಸಬೇಕು. ಆ ಏರ್ಪಾಡಿಲ್ಲದ ಚಿಕ್ಕ ಲಾಡ್ಜುಗಳು ಅಂಥವರಿಗೆ ಕೋಣೆ ಕೊಡುವುದಿಲ್ಲ. ಸಂಸಾರದ ಅರ್ಧ ಜನ ಒಳಗೆ, ಅರ್ಧ ಜನ ಬೀದಿಯಲ್ಲಿ ಎಂಬ ಪೇಚು ರಾತ್ರಿ ಹತ್ತು ಗಂಟೆಗೆ ಯಾರಿಗೂ ಬೇಡ.

ಊರಿನ ಹಬ್ಬಹರಿದಿನಗಳ ಮೇಲೆಯೂ ಒಂದು ಕಣ್ಣಿರಬೇಕು. ಡಿಸೆಂಬರ್ 6ರಂದು ಡಾ. ಅಂಬೇಡ್ಕರರ ಮಹಾಪರಿನಿರ್ವಾಣ ದಿನ. ಲಕ್ಷಾಂತರ ಜನ ದಾದರಿನ ಚೈತ್ಯಭೂಮಿಗೆ ಬರುತ್ತಾರೆ. ಅನಂತ ಚತುರ್ದಶಿಯಂದು ಗಣಪತಿಗಳು ಬೀದಿಯ ಒಡೆಯರಾಗುತ್ತಾರೆ. ಜನವರಿಯ ಮೂರನೆಯ ಭಾನುವಾರದ ಮ್ಯಾರಥಾನ್ ಓಟಕ್ಕಾಗಿ ದಕ್ಷಿಣ ಮುಂಬಯಿಯ ರಸ್ತೆಗಳೇ ಮುಂಜಾನೆ ಮುಚ್ಚಿರುತ್ತವೆ. ಮಳೆಗಾಲದ ಮಾತು ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದುದನ್ನು ಆ ನಗರ ಮರೆತಿಲ್ಲ.

ಇನ್ನು ಉಳಿಯುವುದು ಹೊರಡುವ ದಿನದ ಟ್ಯಾಕ್ಸಿ. ದ್ವೀಪನಗರದ ಈ ಭಾಗದಲ್ಲಿ ಆಟೋರಿಕ್ಷಾ ಓಡುವುದಿಲ್ಲ, ಟ್ಯಾಕ್ಸಿಯೇ ಗತಿ. ಚಾಲಕನಿಗೆ ‘ಜಹಾಜ್’ ಎಂದಷ್ಟೇ ಹೇಳಿದರೆ ಅವನು ಎಲಿಫೆಂಟಾ ದೋಣಿಗಳಿರುವ ಗೇಟ್‌ವೇಗೂ ಕೊಂಡೊಯ್ದಾನು, ಮಾಂಡವಾದ ದೋಣಿಗಳು ಹೊರಡುವ ಭಾವೂಚಾ ಧಕ್ಕೆಗೂ ಕೊಂಡೊಯ್ದಾನು. ಬಲ್ಲಾರ್ಡ್ ಪಿಯರ್ ಎಂದೇ ಹೇಳಬೇಕು. ಹೋಟೆಲಿನ ಕಾವಲುಗಾರನಿಂದ ಹೇಳಿಸಿದರೆ ಇನ್ನೂ ಚೆನ್ನ. ಹೆಸರು, ಕ್ಯಾಬಿನ್ ಸಂಖ್ಯೆ ಬರೆದ ಚೀಟಿಗಳನ್ನು ಪೆಟ್ಟಿಗೆಗಳಿಗೆ ರಾತ್ರಿಯೇ ಕಟ್ಟಿ, ಗುರುತಿನ ಪತ್ರಗಳನ್ನೂ ಅಜ್ಜಿಯ ಮಾತ್ರೆಗಳನ್ನೂ ಕೈಚೀಲದಲ್ಲಿಟ್ಟುಕೊಂಡಿದ್ದರೆ ಬಾಗಿಲಲ್ಲಿ ತಡಕಾಡುವ ಪ್ರಮೇಯ ಬಾರದು. ದೊಡ್ಡ ಪೆಟ್ಟಿಗೆಗಳು ಕ್ಯಾಬಿನ್ ಸೇರಲು ಕೆಲವು ಗಂಟೆ ಹಿಡಿಯಬಹುದು. ಹಡಗು ಕಟ್ಟೆಯನ್ನು ಬಿಟ್ಟು ದಕ್ಷಿಣಕ್ಕೆ ಮೊಗ ತಿರುಗಿಸುವಾಗ ಮಕ್ಕಳನ್ನು ಬಲಬದಿಯ ಕಟಕಟೆಗೆ ಕರೆದೊಯ್ಯಬೇಕು. ಗೇಟ್‌ವೇ ಕಮಾನೂ ತಾಜಿನ ಗುಮ್ಮಟವೂ ಹಿಂದಿನ ರಾತ್ರಿ ಮಲಗಿದ್ದ ಕೊಲಾಬಾದ ಬೀದಿಗಳ ದೀಪಗಳೂ ಆ ಬದಿಯಲ್ಲಿಯೇ ಸರಿದು ಹೋಗುತ್ತವೆ.