ಸಾವನದುರ್ಗದ ಕಾಡುನಿಂಬೆ

ನಿಂಬೆಯ ಹಣ್ಣಿಲ್ಲದ ಅಡಿಗೆಯ ಮನೆ ನಮ್ಮ ಸೀಮೆಯಲ್ಲಿ ವಿರಳವೆಂದೇ ಹೇಳಬೇಕು. ಚಿತ್ರಾನ್ನಕ್ಕೆ ಅದು ಬೇಕು. ಪಾನಕಕ್ಕೆ ಅದು ಬೇಕು. ಹಿರಿಯರನ್ನು ಕಾಣಹೋಗುವಾಗ ಕೈಯಲ್ಲೊಂದು ನಿಂಬೆಯ ಹಣ್ಣಿರಬೇಕು. ಹೊಸ ಗಾಡಿ ಮನೆಗೆ ಬಂದರೆ ಅದರ ಗಾಲಿಯ ಕೆಳಗೂ ಅದೇ ಬೇಕು. ಇಷ್ಟು ನಿತ್ಯಪರಿಚಿತವಾದ ಈ ಹಣ್ಣಿನ ಕುಲಗೋತ್ರಗಳೇನು, ಅದರ ಬಂಧುಬಳಗದವರು ಎಲ್ಲೆಲ್ಲಿ ವಾಸಿಸುತ್ತಾರೆ ಎಂಬುದನ್ನು ಮಾತ್ರ ನಮ್ಮಲ್ಲಿ ವಿಚಾರಿಸಿದವರು ಕಡಿಮೆ. ಮಾಗಡಿಯ ಸೀಮೆಯ ಸಾವನದುರ್ಗದ ತಪ್ಪಲಿನಲ್ಲಿ ಕಂಡ ಒಂದು ಮುಳ್ಳಿನ ಗಿಡವು ನಮ್ಮ ಮನಸ್ಸಿನಲ್ಲಿ ಆ ವಿಚಾರವನ್ನು ಎಬ್ಬಿಸಿತು.

ಸಾವನದುರ್ಗವು ಸಮುದ್ರಮಟ್ಟದಿಂದ ೧೨೨೬ ಮೀಟರ್ ಎತ್ತರವಿರುವ ಏಕಶಿಲೆಯ ಮಹಾಪರ್ವತ. ಕರಿಗುಡ್ಡ, ಬಿಳಿಗುಡ್ಡಗಳೆಂದು ಅದಕ್ಕೆ ಎರಡು ಭಾಗ. ಬುಡದಲ್ಲಿ ವೀರಭದ್ರಸ್ವಾಮಿಯ ಮತ್ತು ನರಸಿಂಹಸ್ವಾಮಿಯ ಗುಡಿಗಳು. ಮಾಗಡಿಯ ಕೆಂಪೇಗೌಡರ ವಂಶದವರು ಆಳಿದ ಈ ದುರ್ಗವನ್ನು ೧೭೯೧ನೆಯ ಇಸವಿ ಡಿಸೆಂಬರ್ ೨೧ರಂದು ಕಾರ್ನ್‌ವಾಲಿಸನ ಸೈನ್ಯವು ಟಿಪ್ಪು ಸುಲ್ತಾನನ ಕಾವಲಿನವರಿಂದ ಕಿತ್ತುಕೊಂಡಿತು. ಆಗ ಮುತ್ತಿಗೆಯವರನ್ನು ಮೊದಲು ತಡೆದದ್ದು ಕೋಟೆಯ ಕಲ್ಲುಗೋಡೆಯಲ್ಲ, ಬೆಟ್ಟವನ್ನು ಸುತ್ತಿದ್ದ ದಟ್ಟವಾದ ಬಿದಿರಿನ ಮೆಳೆ ಮತ್ತು ಕಾಡು. ಫಿರಂಗಿಗಳನ್ನು ಸಾಗಿಸಲು ಅವರು ಆ ಕಾಡನ್ನು ಕಡಿದು ದಾರಿ ಮಾಡಬೇಕಾಯಿತು. ಈಗ ಉಳಿದಿರುವುದು ಸುಮಾರು ೨೭ ಚದರ ಕಿಲೋಮೀಟರ್ ಒಣಕಾಡು. ಅದರಲ್ಲಿ ದಿಂಡಿಗ, ಹುರಗಲು, ಜಾಲಿಗಳೇ ಪ್ರಧಾನ.

ಚಳಿಗಾಲದ ಒಂದು ಬೆಳಗ್ಗೆ ನಾವು ಗುಡಿಯಲ್ಲಿ ದರ್ಶನ ಮುಗಿಸಿ ಕಾಲುದಾರಿಯಲ್ಲಿ ಸ್ವಲ್ಪ ದೂರ ನಡೆದಿದ್ದೆವು. ಬಂಡೆಯೊಂದರ ಮಗ್ಗುಲಲ್ಲಿ ಆಳೆತ್ತರಕ್ಕಿಂತ ತುಸು ಹೆಚ್ಚಾಗಿ ಬೆಳೆದ ಗಿಡವೊಂದು ಕಣ್ಣಿಗೆ ಬಿತ್ತು. ದಪ್ಪ ಚರ್ಮದಂಥ ಹೊಳೆಯುವ ಎಲೆ. ಎಲೆಯ ತುದಿಯಲ್ಲಿ ಸಣ್ಣದೊಂದು ಕಚ್ಚು. ಎಲೆಯ ಬುಡದಲ್ಲಿ ಚೂಪಾದ ಮುಳ್ಳು. ಗೋಲಿಯ ಗಾತ್ರದ ಹಸುರು ಕಾಯಿಗಳು. ಒಂದು ಎಲೆಯನ್ನು ಹಿಸುಕಿ ಮೂಸಿ ನೋಡಲಾಗಿ, ನಮ್ಮ ಹಿತ್ತಿಲ ನಿಂಬೆಯ ವಾಸನೆಯೇ! ಹತ್ತಿರದಲ್ಲಿ ಆಡು ಮೇಯಿಸುತ್ತಿದ್ದ ವೃದ್ಧನೊಬ್ಬನು ನಮ್ಮ ಆಶ್ಚರ್ಯವನ್ನು ಕಂಡು ನಕ್ಕು, “ಅದು ಕಾಡುನಿಂಬೆ, ಸ್ವಾಮಿ. ಉಪ್ಪಿನಕಾಯಿಗೆ ಬಂದೀತು, ಆದರೆ ಕೀಳುವ ಕೈಗೆ ಮುಳ್ಳು ತಪ್ಪದು” ಎಂದನು. ಮೊದಲು ಆ ಇಳಿಜಾರಿನಲ್ಲಿ ಇಂಥ ಗಿಡಗಳು ಬಹಳವಿದ್ದುವೆಂದೂ, ಬೇಸಗೆಯ ಬೆಂಕಿಗೂ ಕೊಡಲಿಗೂ ಸಿಕ್ಕಿ ಈಗ ಹುಡುಕಬೇಕಾಗಿದೆಯೆಂದೂ ಅವನು ಹೇಳಿದನು.

ಸಸ್ಯಶಾಸ್ತ್ರಜ್ಞರು ಈ ಗಿಡಕ್ಕೆ ಇಟ್ಟಿರುವ ಹೆಸರು ಅಟಲಾಂಟಿಯಾ ಮೋನೋಫಿಲ್ಲ. ಎರಡನೆಯ ಪದಕ್ಕೆ ‘ಒಂಟಿ ಎಲೆಯದು’ ಎಂದರ್ಥ. ದಕ್ಷಿಣ ಭಾರತದಿಂದ ಸಿಂಹಳದವರೆಗೂ, ಪೂರ್ವದಲ್ಲಿ ಬರ್ಮಾ ಸಯಾಮುಗಳವರೆಗೂ ಇದರ ಹರವು ಉಂಟು. ಹೂವು ಬಿಳಿ, ಸುವಾಸನೆಯುಳ್ಳದ್ದು. ಮರವು ಹಳದಿಯ ಛಾಯೆಯದು, ಬಲು ಗಟ್ಟಿ. ಕಾಯಿಯಿಂದ ತೆಗೆದ ಎಣ್ಣೆಯನ್ನು ವಾತದ ನೋವಿಗೆ ಹಚ್ಚುವ ರೂಢಿ ನಾಟಿವೈದ್ಯದಲ್ಲಿದೆ. ಇದು ನಿಂಬೆಯಲ್ಲ, ನಿಂಬೆಯ ದಾಯಾದಿ. ಅಮೆರಿಕದ ವಾಲ್ಟರ್ ಸ್ವಿಂಗಲ್ ಎಂಬ ಪಂಡಿತನು ನಿಂಬೆಯ ವಂಶವೃಕ್ಷವನ್ನು ೧೯೪೩ರಲ್ಲಿ ಪ್ರಕಟಿಸಿದಾಗ ಇದನ್ನು ‘ನಿಂಬೆಗೆ ಸಮೀಪದವು’ ಎಂಬ ಪಂಕ್ತಿಯಲ್ಲಿ ಕೂರಿಸಿದನು.

ಈ ಮನೆತನವು ಎಷ್ಟು ದೊಡ್ಡದೆಂಬುದನ್ನು ನಮ್ಮ ಓದುಗರು ಮನೆಯಲ್ಲಿಯೇ ಪರೀಕ್ಷಿಸಬಹುದು. ನಿಂಬೆಯ ಎಲೆಯೊಂದನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿರಿ: ಸೂಜಿಯಿಂದ ಚುಚ್ಚಿದಂತೆ ನೂರಾರು ಬೆಳಕಿನ ಚುಕ್ಕೆಗಳು ಕಾಣುವುವು. ಅವು ಪರಿಮಳದ ಎಣ್ಣೆಯ ಪುಟ್ಟ ಭರಣಿಗಳು. ಅನಂತರ ಒಗ್ಗರಣೆಯ ಕರಿಬೇವನ್ನೂ ಪೂಜೆಯ ಬಿಲ್ವಪತ್ರೆಯನ್ನೂ ಹಾಗೆಯೇ ಹಿಡಿಯಿರಿ. ಅವುಗಳಲ್ಲಿಯೂ ಅದೇ ಗುರುತು. ರಾಮನವಮಿಯ ಪಾನಕದ ಬೇಲದ ಹಣ್ಣೂ, ಸಾವನದುರ್ಗದ ಹುರಗಲು ಮರವೂ ಇದೇ ಕುಲದವು. ನಾವು ಬೇರೆ ಬೇರೆಯೆಂದು ತಿಳಿದಿರುವ ಈ ಸಂಬಂಧವನ್ನು ಚಿಟ್ಟೆಗಳು ಬಹು ಹಿಂದೆಯೇ ಬಲ್ಲವು. ಕರಿಬೇವಿನ ಗಿಡದಲ್ಲಿ ಹಕ್ಕಿಯ ಹಿಕ್ಕೆಯಂತೆ ಅಂಟಿಕೊಂಡಿದ್ದು, ಬೆಳೆದಂತೆ ಹಸುರಾಗಿ, ಮುಟ್ಟಿದರೆ ಕೆಂಗೊಂಬೊಂದನ್ನು ಹೊರಚಾಚಿ ನಾರುವ ಕಂಬಳಿಹುಳುವನ್ನು ಗೃಹಿಣಿಯರು ಕಂಡಿರಬೇಕು. ನಿಂಬೆಯ ಎಲೆಯನ್ನು ಮೇಯುವುದೂ ಅದೇ ಹುಳು. ಕಾಡುನಿಂಬೆಯ ಎಲೆಯೂ ಇಂಥವುಗಳಿಗೆ ಆಹಾರ.

ಇನ್ನು ನಮ್ಮ ನಿಂಬೆಯ ತಾಯಿತಂದೆಗಳ ಸಂಗತಿ. ೨೦೧೬ರಲ್ಲಿ ವಿಜ್ಞಾನಿಗಳು ವಂಶತಂತುಗಳನ್ನು ಪರಿಶೀಲಿಸಿ ಪ್ರಕಟಿಸಿದ ಪ್ರಕಾರ, ಸಣ್ಣ ಹುಳಿನಿಂಬೆಯ ತಂದೆ ಮಾದಲ; ತಾಯಿಯಾದರೋ ಫಿಲಿಪ್ಪೀನ್ಸ್ ದ್ವೀಪಗಳ ದಕ್ಷಿಣಭಾಗದ ‘ಬಿಯಾಸಾಂಗ್’ ಎಂಬ ಕಾಡುಜಾತಿ. ಅದರ ಸಿಪ್ಪೆ ದಪ್ಪ, ರಸ ಅಲ್ಪ. ಉಪಯೋಗಕ್ಕೆ ಬಾರದೆಂದು ಕಾಣುವ ಇಂಥ ಕಾಡುಮರವೊಂದು ಇಲ್ಲದಿದ್ದರೆ ನಮ್ಮ ಚಿತ್ರಾನ್ನಕ್ಕೆ ಹಿಂಡಲು ನಿಂಬೆಯೇ ಇರುತ್ತಿರಲಿಲ್ಲವೆಂದಾಯಿತು!

ನಮ್ಮ ದೇಶದಲ್ಲಿಯೂ ಅಂಥ ಕಾಡುಕಿತ್ತಳೆಯೊಂದುಂಟು. ಮೇಘಾಲಯದ ಗಾರೋ ಬೆಟ್ಟಗಳ ಮಳೆಕಾಡಿನಲ್ಲಿ ಬೆಳೆಯುವ ಆ ಅಪೂರ್ವ ಜಾತಿಗೆ ಶಾಸ್ತ್ರದಲ್ಲಿ ಸಿಟ್ರಸ್ ಇಂಡಿಕಾ ಎಂದು ಹೆಸರು. ಗಾರೋ ಜನರು ಅದನ್ನು ‘ಮೆಮಾಂಗ್ ನಾರಂಗ್’, ಎಂದರೆ ಪ್ರೇತಗಳ ಕಿತ್ತಳೆ, ಎಂದು ಕರೆದು ಉತ್ತರಕ್ರಿಯೆಗಳಲ್ಲಿ ಬಳಸುವರು. ಅಲ್ಲಿಯ ನೋಕ್ರೆಕ್ ಶಿಖರದ ಕಾಡನ್ನು ಈ ಕುಲದ ರಕ್ಷಣೆಗಾಗಿಯೇ ಮೀಸಲಾಗಿಡಲಾಗಿದೆ.

ತಿನ್ನಲು ಬಾರದ ಹಣ್ಣಿಗೆ ಇಷ್ಟೊಂದು ಕಾವಲೇಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರವು ಕೊಡಗಿನಲ್ಲಿದೆ. ಕಾಫಿಯ ತೋಟಗಳ ನಡುವೆ ಬೆಳೆಯುತ್ತಿದ್ದ ಕೊಡಗಿನ ಕಿತ್ತಳೆಯ ರುಚಿಯನ್ನು ಹಿರಿಯರು ಇಂದಿಗೂ ಮರೆತಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೋಗಗಳು ಹೊಕ್ಕು ಆ ತೋಟಗಳು ಕ್ಷೀಣಿಸಿದುವು. ಅವುಗಳಲ್ಲಿ ಕ್ರೂರವಾದದ್ದು ‘ಗ್ರೀನಿಂಗ್’ ಎಂಬ ರೋಗ. ಚಿಗುರಿನ ರಸವನ್ನು ಹೀರುವ ಪುಟ್ಟ ಕೀಟವೊಂದು ಅದರ ಬ್ಯಾಕ್ಟೀರಿಯವನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಎಲೆ ಹಳದಿಯಾಗುವುದು, ಹಣ್ಣು ಸೊಟ್ಟಗಾಗಿ ಹಸುರಾಗಿಯೇ ಉಳಿಯುವುದು, ಕೆಲವು ವರ್ಷಗಳಲ್ಲಿ ಮರವೇ ಒಣಗುವುದು. ಹಿಡಿದ ಮೇಲೆ ಗುಣಪಡಿಸುವ ಮದ್ದಿಲ್ಲ. ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಈ ರೋಗವು ೨೦೦೫ರಲ್ಲಿ ಕಾಣಿಸಿಕೊಂಡು, ಚಂಡಮಾರುತಗಳ ಹೊಡೆತವೂ ಸೇರಿ, ಕಿತ್ತಳೆಯ ಫಸಲು ಎರಡು ದಶಕಗಳೊಳಗಾಗಿ ಮೊದಲಿನ ಐದನೆಯ ಒಂದು ಪಾಲಿಗಿಂತಲೂ ಕೆಳಗಿಳಿಯಿತು.

ಇಂಥ ಸಂಕಟದಲ್ಲಿ ನೆರವಿಗೆ ಬರುವವರು ಬಡ ದಾಯಾದಿಗಳೇ. ೧೯೩೦ರ ದಶಕದಿಂದ ‘ಟ್ರಿಸ್ಟೆಜ’ ಎಂಬ ಬೇರೊಂದು ರೋಗವು ಬ್ರೆಜಿಲ್ ಮತ್ತು ಅರ್ಜೆಂಟೀನಾ ದೇಶಗಳಲ್ಲಿ ಕೋಟಿಗೂ ಮಿಕ್ಕ ಮರಗಳನ್ನು ಕೊಂದಾಗ, ಬ್ರೆಜಿಲಿನವರು ಬಂಗಾಳದ ರಂಗಪುರದ ಹುಳಿನಿಂಬೆಯ ಬುಡಕ್ಕೆ ಕಿತ್ತಳೆಯ ಕಸಿ ಕಟ್ಟಿ ತಮ್ಮ ತೋಟಗಳನ್ನು ಮರಳಿ ಎಬ್ಬಿಸಿದರು. ಊಟದೆಲೆಗೆ ಒಲ್ಲದ ಹಣ್ಣು ಬೇರಾಗಿ ನಿಂತು ತೋಟಗಳನ್ನು ಹೊತ್ತಿತು. ಗ್ರೀನಿಂಗ್ ರೋಗವನ್ನು ತಾಳಿಕೊಳ್ಳುವ ಒಂದು ಜಾತಿಯೂ ಆಸ್ಟ್ರೇಲಿಯದ ಮಳೆಕಾಡಿನಲ್ಲಿದೆ. ಬೆರಳಿನಾಕಾರದ ಹಣ್ಣು ಬಿಡುವ ಅದರಿಂದ ಆ ಬ್ಯಾಕ್ಟೀರಿಯವನ್ನು ಕೊಲ್ಲಬಲ್ಲ ದ್ರವ್ಯವೊಂದನ್ನು ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಕಂಡುಹಿಡಿದು ೨೦೨೧ರಲ್ಲಿ ಪ್ರಕಟಿಸಿದರು. ಆ ಕಾಡನ್ನು ಯಾರಾದರೂ ನಿಷ್ಪ್ರಯೋಜಕವೆಂದು ಸುಟ್ಟಿದ್ದರೆ ಆ ದ್ರವ್ಯವೂ ಬೂದಿಯಾಗುತ್ತಿತ್ತು.

ಸಾವನದುರ್ಗದ ಕಾಡುನಿಂಬೆ ನಾಳೆ ಇಂಥದೇ ಉಪಕಾರ ಮಾಡುವುದೆಂದು ನಾವು ಭವಿಷ್ಯ ಹೇಳುವುದಿಲ್ಲ. ಆದರೆ ನೀರಿಲ್ಲದ ಬಂಡೆಯ ಸಂದಿಯಲ್ಲಿ, ಆಡಿನ ಬಾಯಿಗೂ ಬೇಸಗೆಯ ಕಾವಿಗೂ ಎದುರಾಗಿ, ಗೊಬ್ಬರವಿಲ್ಲದೆ ಬದುಕುವ ವಿದ್ಯೆಯನ್ನು ಅದು ಬಲ್ಲದು. ನಮ್ಮ ಹಿತ್ತಿಲ ನಿಂಬೆ ಅದನ್ನು ಮರೆತಿದೆ. ಅಂಥ ವಿದ್ಯಾವಂತ ಬಂಧುವನ್ನು ಸೌದೆಗಾಗಿ ಕಳೆದುಕೊಳ್ಳುವುದು ಗೃಹಸ್ಥರಿಗೆ ಒಪ್ಪುವ ಲೆಕ್ಕಾಚಾರವಲ್ಲ.

ಬೆಂಗಳೂರಿನಿಂದ ಸುಮಾರು ೬೦ ಕಿಲೋಮೀಟರ್ ದೂರದ ಈ ಬೆಟ್ಟಕ್ಕೆ ರಜೆಯ ದಿನಗಳಲ್ಲಿ ಸಂಸಾರಸಮೇತ ಹೋಗುವವರು ಈಗ ಬಹಳ ಮಂದಿ. ಅವರಲ್ಲಿ ನಮ್ಮ ವಿಜ್ಞಾಪನೆ ಅಲ್ಪವಾದದ್ದು. ಕಾಡಿನಲ್ಲಿ ಒಲೆ ಹೂಡಬೇಡಿರಿ. ಬೀಡಿ ಸಿಗರೇಟುಗಳ ಕಿಡಿಯನ್ನು ಒಣಹುಲ್ಲಿಗೆ ಎಸೆಯಬೇಡಿರಿ. ಮನೆಯಲ್ಲಿ ನೆಡುವ ಆಸೆಯಿಂದ ಗಿಡವನ್ನು ಕೀಳಬೇಡಿರಿ. ಹಿತ್ತಿಲಿನಲ್ಲಿ ಸ್ಥಳವಿದ್ದವರು ಬೇಲವನ್ನೋ ಮಾದಲವನ್ನೋ ಒಂದು ಬೆಳೆಸಿದರೆ ಆ ಕುಲದ ಋಣ ಸ್ವಲ್ಪ ತೀರೀತು. ಕರಿಬೇವಿನ ಹುಳುವಿಗೂ ಎರಡು ಎಸಳು ಬಿಟ್ಟುಕೊಟ್ಟರೆ ನಷ್ಟವೇನೂ ಇಲ್ಲ.

ನಾವು ಹಿಂದಿರುಗುವಾಗ ಆ ವೃದ್ಧನು ತನ್ನ ಆಡುಗಳನ್ನು ಗದರಿಸಿ ಗಿಡದಿಂದ ಆಚೆಗೆ ಅಟ್ಟುತ್ತಿದ್ದನು. ಕಾರಣವನ್ನು ಕೇಳಲಾಗಿ, “ಇರೋದು ಇದೊಂದೇ ಅಲ್ಲವೇ, ಸ್ವಾಮಿ” ಎಂದನು.