ಬಾಲ್ಯದ ಅಪಸ್ಮಾರ: ಔಷಧದ ಸೂಕ್ಷ್ಮಸಂಪುಟ ಮತ್ತು ಹೃದಯದ ಲಯ

ಕನ್ನಡದ ಆಡುನುಡಿಯಲ್ಲಿ 'ಮೂರ್ಛೆ' ಎಂಬ ಪದದ ಅರ್ಥವ್ಯಾಪ್ತಿ ವಿಶಾಲವಾದುದು. ಯಾವುದೇ ಕಾರಣದಿಂದ ಪ್ರಜ್ಞೆ ತಪ್ಪಿ ಬೀಳುವುದೂ ಮೂರ್ಛೆಯೇ. ಮಿದುಳಿನ ವ್ಯಾಧಿಯಾದ ಅಪಸ್ಮಾರವೂ 'ಮೂರ್ಛೆರೋಗ'ವೇ. ದಿನಬಳಕೆಯಲ್ಲಿ ಇದರಿಂದ ತೊಡಕೇನೂ ಉಂಟಾಗದು. ಆದರೆ ಬಿದ್ದ ಮಗುವಿನ ಚಿಕಿತ್ಸೆಯ ಸಂದರ್ಭದಲ್ಲಿ ಈ ಎರಡರ ನಡುವಣ ಭೇದ ಪ್ರಾಣಕ್ಕೆ ಸಂಬಂಧಿಸಿದ ಭೇದವಾಗುತ್ತದೆ.

'ಅಪಸ್ಮಾರ' ಎಂದರೆ ಸ್ಮೃತಿಯ ಅಪಗಮನ. ಚರಕಸಂಹಿತೆಯ ನಿದಾನಸ್ಥಾನವು ಇದಕ್ಕೆ ಪ್ರತ್ಯೇಕ ಅಧ್ಯಾಯವನ್ನು ಮೀಸಲಿರಿಸಿ, ಕೆರಳಿದ ದೋಷಗಳು ಹೃದಯವನ್ನು ಆಶ್ರಯಿಸುವ ಪರಿಯನ್ನು ವಿವರಿಸುತ್ತದೆ. ಅಲ್ಲಿ ಹೃದಯವೇ ಚೇತನದ ನೆಲೆ. ಆಧುನಿಕ ವಿಜ್ಞಾನವು ಆ ನೆಲೆಯನ್ನು ಮಿದುಳಿಗೆ ವರ್ಗಾಯಿಸಿತು. ಆದ್ದರಿಂದ ಚರಕನ ವಿವರಣೆಯನ್ನು ಇಂದಿನ ಸಂಶೋಧನೆಯ ಮುನ್ಸೂಚನೆಯೆಂದು ಭಾವಿಸುವುದು ಸರಿಯಾಗದು. ಆದರೂ ಬಾಲ್ಯದ ಅಪಸ್ಮಾರದ ಅಧ್ಯಯನದಲ್ಲಿ ಹೃದಯಕ್ಕೆ ಬೇರೆಯೇ ಕಾರಣಗಳಿಂದ ಮಹತ್ತ್ವ ಬಂದಿದೆ.

ಮಿದುಳಿನ ನರಕೋಶಗಳು ಒಮ್ಮೆಗೇ ಅತಿಯಾಗಿ ವಿದ್ಯುತ್ ಸ್ಫುರಿಸಿದಾಗ ಸೆಳವು ಉಂಟಾಗುತ್ತದೆ. ಮಾನವ ಮಿದುಳಿನ ವಿದ್ಯುಲ್ಲೇಖವನ್ನು ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದನು. ಹೃದಯದ ವಿದ್ಯುಲ್ಲೇಖವಾದ ಇಸಿಜಿಯ ಕಾರ್ಯವಿಧಾನವನ್ನು ಕಂಡುಕೊಂಡುದಕ್ಕಾಗಿ ನೆದರ್‌ಲ್ಯಾಂಡ್ಸಿನ ವಿಲ್ಲೆಮ್ ಐಂಥೋವನ್‌ನಿಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಈ ಎರಡು ಲೇಖಗಳನ್ನು ಒಟ್ಟಿಗೆ ಓದಬೇಕಾದ ಅಗತ್ಯವನ್ನು 'ದೀರ್ಘ ಕ್ಯೂ-ಟಿ' ಎಂಬ ಆನುವಂಶಿಕ ದೋಷವು ಸ್ಪಷ್ಟಪಡಿಸುತ್ತದೆ. ಇದರಲ್ಲಿ ಪ್ರತಿ ಬಡಿತದ ಅನಂತರ ಹೃದಯವು ವಿದ್ಯುತ್ ಸ್ಥಿತಿಯಲ್ಲಿ ಚೇತರಿಸಿಕೊಳ್ಳಲು ಹೆಚ್ಚು ಕಾಲ ಬೇಕಾಗುತ್ತದೆ. ಓಡುವಾಗ, ಈಜುವಾಗ ಅಥವಾ ಗಡಿಯಾರದ ಗಂಟೆ ಥಟ್ಟನೆ ಮೊಳಗಿದಾಗ ಲಯ ತಪ್ಪಿ, ಮಿದುಳಿಗೆ ರಕ್ತ ಸಾಲದೆ ಮಗು ಕುಸಿದು ಬಿದ್ದು ನಡುಗಬಹುದು. ನೋಡುವವರಿಗೆ ಅದು ಅಪಸ್ಮಾರದಂತೆಯೇ ಕಾಣುತ್ತದೆ. ಅಂತಹ ಮಗುವಿಗೆ ವರ್ಷಗಟ್ಟಲೆ ಅಪಸ್ಮಾರದ ಔಷಧ ನೀಡಿದರೂ ಮೂಲ ಅಪಾಯ ಹಾಗೆಯೇ ಉಳಿಯುತ್ತದೆ. ಮೊದಲ ಸೆಳವಿನ ಅನಂತರ ಇಸಿಜಿ ಮಾಡಿಸಬೇಕೆನ್ನುವ ಸಲಹೆಯ ಹಿಂದಿರುವ ತರ್ಕ ಇದು.

ನಿಜವಾದ ಅಪಸ್ಮಾರದಲ್ಲಿಯೂ ಹೃದಯ ತಟಸ್ಥವಾಗಿರುವುದಿಲ್ಲ. ಸೆಳವಿನ ವೇಳೆ ಬಡಿತ ತೀವ್ರವಾಗುವುದು ಸಾಮಾನ್ಯ; ಕ್ಷಣಕಾಲ ನಿಲ್ಲುವುದು ವಿರಳ. ಅಪಸ್ಮಾರವುಳ್ಳ 4,500 ಮಕ್ಕಳಲ್ಲಿ ವರ್ಷಕ್ಕೆ ಸುಮಾರು ಒಬ್ಬರು ಅನ್ಯ ಕಾರಣವಿಲ್ಲದೆ ಹಠಾತ್ತನೆ ಸಾವನ್ನಪ್ಪುವರೆಂದು ಅಮೆರಿಕದ ನರವಿಜ್ಞಾನಿಗಳ 2017ರ ಮಾರ್ಗಸೂಚಿ ಅಂದಾಜಿಸಿದೆ. ಆಸ್ಪತ್ರೆಯ ನಿಗಾ ಘಟಕಗಳಲ್ಲಿ ಸಂಭವಿಸಿದ ಇಂತಹ ಸಾವುಗಳನ್ನು ಪರಿಶೀಲಿಸಿ ಫಿಲಿಪ್ ರಿವ್ಲಿನ್ ಮತ್ತು ಸಹ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವು, ತೀವ್ರ ಸೆಳವಿನ ಬೆನ್ನಿಗೇ ಉಸಿರಾಟವೂ ಹೃದಯವೂ ಕುಸಿಯುವ ಕ್ರಮವನ್ನು ದಾಖಲಿಸಿತು. ಸರ್ವಾಂಗವನ್ನು ವ್ಯಾಪಿಸುವ ಸೆಳವುಗಳು ಹತೋಟಿಗೆ ಬರದಿರುವುದೇ ಈ ಸಾವಿನ ಪ್ರಮುಖ ಅಪಾಯಕಾರಣ. ಹಾಗಾಗಿ ಸೆಳವನ್ನು ತಡೆಯುವುದೇ ಹೃದಯವನ್ನು ಕಾಯುವ ಮುಖ್ಯ ಮಾರ್ಗವೂ ಆಗುತ್ತದೆ.

ಔಷಧವನ್ನು ನೀಡುವ ವಿಧಾನಕ್ಕೆ ಇಲ್ಲಿಯೇ ಪ್ರಾಮುಖ್ಯ. ಸಾಮಾನ್ಯ ಮಾತ್ರೆ ಬೇಗ ಕರಗಿ, ರಕ್ತದಲ್ಲಿ ಔಷಧದ ಮಟ್ಟ ಏರಿ, ಅನಂತರ ಇಳಿಯುತ್ತದೆ. ಏರಿದಾಗ ಅಡ್ಡಪರಿಣಾಮದ ಭಯ. ಇಳಿದಾಗ ಸೆಳವಿನ ಭಯ. ದೇಹತೂಕಕ್ಕೆ ಹೋಲಿಸಿದರೆ ಚಿಕ್ಕ ಮಕ್ಕಳ ದೇಹವು ಇಂತಹ ಹಲವು ಔಷಧಗಳನ್ನು ವಯಸ್ಕರಿಗಿಂತ ಬೇಗ ಹೊರಹಾಕುತ್ತದೆಯಾದ್ದರಿಂದ ಈ ಏರಿಳಿತ ಅವರಲ್ಲಿ ಇನ್ನೂ ತೀವ್ರ. ಮೇಲಾಗಿ, ಇಡೀ ಮಾತ್ರೆಯನ್ನು ನುಂಗುವುದು ಮಗುವಿಗೆ ಕಷ್ಟ.

ಈ ತೊಡಕಿಗೆ ದೊರೆತ ಪರಿಹಾರದ ಮೂಲ ಔಷಧಶಾಸ್ತ್ರದಲ್ಲಿಲ್ಲ, ಕಾಗದದ ಉದ್ಯಮದಲ್ಲಿದೆ. ಅಮೆರಿಕದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯ ಬ್ಯಾರೆಟ್ ಗ್ರೀನ್ ಮತ್ತು ಲೊವೆಲ್ ಶ್ಲೈಕರ್ 1950ರ ದಶಕದಲ್ಲಿ ಕಾರ್ಬನ್ ಹಾಳೆಯ ನೆರವಿಲ್ಲದೆ ಪ್ರತಿ ಮೂಡಿಸುವ ಕಾಗದವನ್ನು ರೂಪಿಸಿದರು. ಜೆಲಾಟಿನ್ ಮತ್ತು ಜಾಲಿಜಾತಿಯ ಮರದ ಗೋಂದಿನ ದ್ರಾವಣದಲ್ಲಿ ಆಮ್ಲೀಯತೆಯನ್ನು ಬದಲಿಸಿದಾಗ ವಿರುದ್ಧ ವಿದ್ಯುದಂಶದ ಆ ಎರಡು ವಸ್ತುಗಳೂ ಒಂದುಗೂಡಿ, ಬಣ್ಣದ ಎಣ್ಣೆಹನಿಗಳ ಸುತ್ತ ಪೊರೆಯಾಗಿ ಕೂರುತ್ತಿದ್ದವು. ಲೇಖನಿಯ ಒತ್ತಡಕ್ಕೆ ಪೊರೆ ಒಡೆದು ಅಕ್ಷರ ಮೂಡುತ್ತಿತ್ತು. ಔಷಧದಲ್ಲಿ ಈ ತತ್ತ್ವದ ಉದ್ದೇಶ ಭಿನ್ನ: ಇಲ್ಲಿ ಪೊರೆ ಒಡೆಯಬಾರದು. ಈಥೈಲ್ ಸೆಲ್ಯುಲೋಸಿನಂತಹ ವಸ್ತುವಿನ ಪೊರೆಯೊಳಗೆ ಜಠರದ್ರವ ನಿಧಾನವಾಗಿ ಇಳಿದು, ಔಷಧವನ್ನು ಕರಗಿಸಿ, ಸ್ವಲ್ಪಸ್ವಲ್ಪವಾಗಿ ಹೊರಬಿಡುತ್ತದೆ. ವಾಲ್ಪ್ರೊಯೇಟ್ ಔಷಧವು ಹೀಗೆ ಲೇಪಿತ ಕಣಗಳ ರೂಪದಲ್ಲಿಯೂ ದೊರೆಯುತ್ತದೆ. ಅವನ್ನು ಒಂದು ಚಮಚ ಮೆದು ಆಹಾರದ ಮೇಲೆ ಉದುರಿಸಿ ಮಗುವಿಗೆ ತಿನ್ನಿಸಬಹುದು. ಆದರೆ ಕಣಗಳನ್ನು ಅಗಿಯುವಂತಿಲ್ಲ. ಅಗಿದರೆ ಲೇಪನದ ಉದ್ದೇಶವೇ ವಿಫಲವಾಗುತ್ತದೆ.

ಪೊರೆಯು ಔಷಧದ ವೇಗವನ್ನು ಬದಲಿಸುತ್ತದೆಯೇ ಹೊರತು ಗುಣವನ್ನಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಫೆನಿಟಾಯಿನ್, ಕಾರ್ಬಮಜೆಪಿನ್, ಲ್ಯಾಮೊಟ್ರಿಜಿನ್‌ಗಳು ನರಕೋಶದ ಸೋಡಿಯಂ ದ್ವಾರಗಳನ್ನು ತಡೆಯುತ್ತವೆ. ಹೃದಯದ ಸ್ನಾಯುವಿನಲ್ಲಿಯೂ ಅಂತಹ ದ್ವಾರಗಳುಂಟು. ಒಂದು ಕಾಲದಲ್ಲಿ ಹೃದಯದ ಲಯದೋಷಕ್ಕೂ ಬಳಕೆಯಾಗಿದ್ದ ಫೆನಿಟಾಯಿನ್, ರಕ್ತನಾಳಕ್ಕೆ ವೇಗವಾಗಿ ಸೇರಿದರೆ ಲಯದೋಷವನ್ನು ತಾನೇ ಉಂಟುಮಾಡಬಲ್ಲದು. ಆದುದರಿಂದ ಹೃದಯದೋಷವಿರುವ ಮಗುವಿಗೆ ಔಷಧವನ್ನು ಆಯುವಾಗ ಪೊರೆಯ ಭರವಸೆಯೊಂದೇ ಸಾಲದು.

ಪರಿಭಾಷೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಈ ತಂತ್ರಕ್ಕೆ 'ಸೂಕ್ಷ್ಮಕೋಶೀಕರಣ' ಎಂಬ ಪದವನ್ನು ಬಳಸಿದರೆ ಜೀವಕೋಶದ ನೆನಪು ಅಡ್ಡ ಬರುತ್ತದೆ. 'ಸಂಪುಟ'ವೆಂದರೆ ಮುಚ್ಚಳವುಳ್ಳ ಕರಂಡಕ. ಭಸ್ಮ ತಯಾರಿಸಲು ವೈದ್ಯರು ಬಳಸುವ ಶರಾವಸಂಪುಟದಲ್ಲಿಯೂ ಈ ಅರ್ಥವೇ ಇದೆ. ಆ ದೃಷ್ಟಿಯಿಂದ 'ಸೂಕ್ಷ್ಮಸಂಪುಟೀಕರಣ' ಹೆಚ್ಚು ಸಮರ್ಪಕ. ಹಾಗೆಯೇ ಹೃದಯಮೂಲದ ಕುಸಿತವನ್ನು 'ಮೂರ್ಛೆ' ಎಂದೂ ಮಿದುಳಿನ ವ್ಯಾಧಿಯನ್ನು 'ಅಪಸ್ಮಾರ' ಎಂದೂ ಬೇರ್ಪಡಿಸಿ ಬರೆಯುವ ಶಿಸ್ತು ಕನ್ನಡದ ವೈದ್ಯಕೀಯ ಬರಹಕ್ಕೆ ಅವಶ್ಯಕ. ಮಗು ಯಾವಾಗ, ಏನು ಮಾಡುತ್ತಿದ್ದಾಗ, ಹೇಗೆ ಬಿತ್ತು ಎಂಬುದನ್ನು ವೈದ್ಯರಿಗೆ ಮೊದಲು ತಿಳಿಸುವವರು ತಾಯಿತಂದೆಯರು. ಔಷಧದ ಕಣವನ್ನು ಅಗಿಯದಂತೆ ನೋಡಿಕೊಳ್ಳುವವರೂ ಅವರೇ. ಅವರ ಕೈಸೇರುವ ಕನ್ನಡ ಎಷ್ಟು ನಿಖರವೋ ಚಿಕಿತ್ಸೆಯೂ ಅಷ್ಟು ಸುರಕ್ಷಿತ.